ಹೊಸೂರಿನ ಮನೆ ಯಾರಿಗೆ ಅಗ್ಗ?

ಆಗಾಗ ಒಂದು ಫೋನ್ ಬರ್ತಾನೇ ಇರುತ್ತೆ. ಹಳೇ ಆಫೀಸಿನೋನು, ಇಲ್ಲ ಮಳವಳ್ಳಿ ಕಡೆ ಹುಡುಗ, ಇಲ್ಲ ಯಾರದೋ ಭಾವಮೈದ. "ಗುರು, ನೀನು ಹೊಸೂರಲ್ಲೇ ಅಲ್ವಾ ಇರೋದು, ಬಾಡಿಗೆ ಹೆಂಗಿದೆ ಅಲ್ಲಿ?" ಅಂತ ಶುರು ಮಾಡ್ತಾರೆ. ಅತ್ತಿಬೆಲೆ ಗಡಿ ದಾಟಿದ್ರೆ ತಮಿಳುನಾಡಲ್ಲಿ ಸಿಗೋ ಹೊಸೂರು ಇದು. ನಾನೂ ಹೇಳ್ತೀನಿ, ಎರಡು ರೂಮಿನ ಮನೆ ಈ ಕಡೆ ಇಷ್ಟು, ಆ ಕಡೆ ಅಷ್ಟು, ಅಡ್ವಾನ್ಸು ಬೆಂಗಳೂರಿನ ಥರ ಹತ್ತು ತಿಂಗಳದ್ದು ಕೇಳಲ್ಲ ಅಂತ. ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇರಲ್ಲ, ಕಳೆಯೋ ಲೆಕ್ಕ ನಡೀತಿರುತ್ತೆ. ಆಮೇಲೆ ಟೋಲ್ ಎಷ್ಟು, ಪೆಟ್ರೋಲ್ ಎಷ್ಟು, ಎಲೆಕ್ಟ್ರಾನಿಕ್ ಸಿಟಿಗೆ ಎಷ್ಟೊತ್ತು, ಟ್ರಾಫಿಕ್ ಹೆಂಗೆ. ಅಲ್ಲಿಗೆ ಮುಗೀತು. ಹಗಲು ಹೊತ್ತು ಮನೇಲಿ ಇರೋರಿಗೆ ಅಲ್ಲಿ ಹೆಂಗೆ ಅಂತ ಇವತ್ತಿನವರೆಗೂ ಒಬ್ಬನೂ ಕೇಳಿಲ್ಲ. ಕೇಳೋದೂ ಹೆಂಗೆ, ಫೋನ್ ಮಾಡೋನು ಯಾವಾಗ್ಲೂ ಬೆಳಗ್ಗೆ ಏಳಕ್ಕೆ ಮನೆ ಬಿಟ್ಟು ರಾತ್ರಿ ಎಂಟಕ್ಕೆ ವಾಪಸ್ ಬರೋನೇ. ಅವನು ಹೊಸೂರಿಗೆ ಮಲಗಕ್ಕೆ ಬರ್ತಾನೆ, ಇರೋರು ಬೇರೆಯವ್ರು. ನಾನೂ ಅಂಥೋನೇ ಒಬ್ಬ, ಅದಕ್ಕೇ ಈ ವಿಷಯ ಸುಮಾರು ದಿನದಿಂದ ತಲೇಲಿ ಕೊರೀತಾ ಇದೆ.

ಎಕ್ಸೆಲ್ ಶೀಟು

ಮೊದಲು ನಾವು ಬೇಗೂರು ರಸ್ತೆ ಕಡೆ ಇದ್ವಿ. ಕೊರೊನಾ ಮುಗಿದು ಆಫೀಸಿನವ್ರು ವಾಪಸ್ ಕರೆಯೋಕೆ ಶುರು ಮಾಡಿದ ಮೇಲೆ 2022-23ರಲ್ಲಿ ಬೆಂಗಳೂರಿನ ಬಾಡಿಗೆ ಏನಾಯ್ತು ಅಂತ ನಿಮಗೇನು ಹೇಳಬೇಕಾಗಿಲ್ಲ. ನಮ್ಮ ಓನರ್ 16 ಸಾವಿರ ಇದ್ದಿದ್ದನ್ನ ಒಂದೇ ಏಟಿಗೆ 22 ಮಾಡಿ, ಇಷ್ಟ ಇದ್ರೆ ಇರಿ, ಇಲ್ಲಾಂದ್ರೆ ಬೇರೆಯವ್ರು ರೆಡಿ ಇದಾರೆ ಅಂದ್ರು. ಕೋಪಕ್ಕೆ ಅವತ್ತು ರಾತ್ರೀನೇ ಲ್ಯಾಪ್‌ಟಾಪ್ ತೆಗೆದು ಶೀಟ್ ಮಾಡಕ್ಕೆ ಕೂತೆ. ಚಂದಾಪುರ, ಆನೇಕಲ್, ಅತ್ತಿಬೆಲೆ, ಹೊಸೂರು. ಚಂದಾಪುರ ಆಗ್ಲೇ ಎಲೆಕ್ಟ್ರಾನಿಕ್ ಸಿಟಿಯೋರ ಪಾಲಾಗಿ ಬಾಡಿಗೆ ಏರಿತ್ತು. ಆನೇಕಲ್ ಚೆನ್ನಾಗಿದೆ, ಆದರೆ ಹೈವೇಗೆ ಬರೋದೇ ಒಂದು ಪ್ರಯಾಣ. ಅತ್ತಿಬೆಲೆ ಅಂದ್ರೆ ಹೈವೇ, ಗೋಡೌನು, ಲಾರಿ. ಅಲ್ಲಿಯವರು ಬೈಕೋಬೇಡಿ, ಆದರೆ ಸಂಜೆ ಹೊತ್ತು ಮಗು ಕರ್ಕೊಂಡು ನಾಲ್ಕು ಹೆಜ್ಜೆ ಓಡಾಡೋಣ ಅಂದ್ರೆ ಜಾಗ ಹುಡುಕಬೇಕು. ಅಲ್ಲಿಂದ ಒಂದು ಚೂರು ಮುಂದೆ ಹೋಗಿ ಜೂಜುವಾಡಿ ದಾಟಿಬಿಟ್ರೆ ಹೊಸೂರು, ಅದು ಒಂದು ಪೂರ್ತಿ ಊರು. ಬಸ್ ಸ್ಟಾಂಡ್ ಇದೆ, ಮಾರ್ಕೆಟ್ ಇದೆ, ಸರ್ಕಾರಿ ಆಸ್ಪತ್ರೆ ಇದೆ, ಬೆಟ್ಟದ ಮೇಲೆ ಚಂದ್ರಚೂಡೇಶ್ವರ ಇದ್ದಾನೆ, 2019ರಲ್ಲಿ ಕಾರ್ಪೊರೇಷನ್ ಬೇರೆ ಆಗಿದೆ. ಲೇಲ್ಯಾಂಡು, ಟಿವಿಎಸ್ಸು, ಟೈಟಾನು ಅಂತ ಎಷ್ಟೋ ವರ್ಷದಿಂದ ಫ್ಯಾಕ್ಟರಿ ಸೈರನ್ನಿಗೆ ಎದ್ದು ಮಲಗಿರೋ ಊರು. ಅಂಥ ಊರಲ್ಲಿ ಬಾಡಿಗೆ 11 ಸಾವಿರ.

ಶೀಟಲ್ಲಿ ಕೂಡೋದು ಕಳೆಯೋದು ಎಲ್ಲ ಮಾಡಿದೆ. ಬಾಡಿಗೇಲಿ ಉಳಿಯೋದು ತಿಂಗಳಿಗೆ 11 ಸಾವಿರ, ಅದರಲ್ಲಿ ಅತ್ತಿಬೆಲೆ ಟೋಲು, ಎಲಿವೇಟೆಡ್ ಟೋಲು, ಪೆಟ್ರೋಲು ತೆಗೆದ್ರೂ ಕೈಯಲ್ಲಿ ಒಂದಷ್ಟು ನಿಲ್ಲುತ್ತೆ. ಇ.ಬಿ. ಬಿಲ್ಲು, ಅಂದ್ರೆ ಕರೆಂಟ್ ಬಿಲ್ಲು, ಎರಡು ತಿಂಗಳಿಗೊಂದು, ಅದರಲ್ಲಿ ಮೊದಲ 100 ಯೂನಿಟ್ ಎಲ್ಲ ಮನೆಗೂ ಫ್ರೀ (ಓನರ್ ಒಳ್ಳೆಯವ್ರಾದ್ರೆ. ಸಬ್‌ಮೀಟರ್ ಹಾಕಿ ಆ ಫ್ರೀ ಯೂನಿಟ್ಟಿಗೂ ನಮ್ಮ ಹತ್ರ ದುಡ್ಡು ಇಸ್ಕೊಳ್ಳೋರೂ ಇದಾರೆ, ಅದನ್ನ ಮೊದಲೇ ಕೇಳಿ). ಎಲ್ಲ ಕಲರ್ ಹಾಕಿ ಹೆಂಡತಿಗೆ ತೋರಿಸಿದೆ. ಅವಳು ಆಗ ಕೋರಮಂಗಲದಲ್ಲಿ ಒಂದು ಕಡೆ ಅಕೌಂಟ್ಸಲ್ಲಿದ್ಲು. ಮೇಲಿಂದ ಕೆಳಗೆ ನೋಡಿ, "ರೀ, ಇದರಲ್ಲಿ ನನ್ನ ಕಾಲಮ್ ಎಲ್ಲಿ?" ಅಂದ್ಲು. ನಿನ್ನ ಕೆಲಸ ಏನು, ಹೊಸೂರಲ್ಲಿ ಅಷ್ಟೊಂದು ಕಂಪನಿ ಇದಾವಲ್ಲ ಅಂದೆ. ಕಂಪನಿಗಳೇನೋ ಇದ್ವು. ಅವಳ ಅನುಭವಕ್ಕೆ, ಮಗಳ ಸ್ಕೂಲ್ ಟೈಮಿಗೆ, ತಮಿಳು ಬರದೇ ಇದ್ರೂ ಪರವಾಗಿಲ್ಲ ಅನ್ನೋ ಮ್ಯಾನೇಜರ್‌ಗೆ, ಈ ಮೂರೂ ಕೂಡಿ ಬರೋಕೆ ವರ್ಷದ ಮೇಲಾಯ್ತು. ಅಷ್ಟು ದಿನ ಹೋಗಿದ್ದು ತಿಂಗಳಿಗೆ ಅವಳ 26 ಸಾವಿರ. 11 ಉಳಿಸಕ್ಕೆ 26. ನನಗೆ ಫೋನ್ ಮಾಡೋರಿಗೆ ಈ ಸಾಲನ್ನ ಹೇಳಿದ್ರೆ "ಅದು ಬಿಡು, ಅದು ಟೆಂಪರರಿ" ಅಂತಾರೆ. ಅವರ ಹೆಂಡ್ತೀರು ಪಕ್ಕದಲ್ಲಿ ಇರಲ್ಲ ಆಗ.

ಬಾಗಲೂರು ರಸ್ತೆಯ ಆ ಭಾನುವಾರ

ಮನೆ ನೋಡಕ್ಕೆ ಅಂತ ಅವ್ವನ್ನೂ ಕರ್ಕೊಂಡು ಹೋಗಿದ್ವಿ. ಅಪ್ಪ ತೀರ್ಕೊಂಡ ಮೇಲೆ ಅವಳು ನಮ್ಮ ಜೊತೇಲೇ ಇರೋದು, ಹಬ್ಬಕ್ಕೆ, ತಿಥಿಗೆ ಊರಿಗೆ ಹೋಗಿ ಬರ್ತಾಳೆ. ಬ್ರೋಕರ್ ಚುರುಕು ಹುಡುಗ, ಕನ್ನಡ ತೆಲುಗು ತಮಿಳು ಮೂರನ್ನೂ ಒಂದೇ ವಾಕ್ಯದಲ್ಲಿ ಮುಗಿಸೋನು. ಬಾಗಲೂರು ರಸ್ತೇಲಿ ಹೊಸ ಅಪಾರ್ಟ್‌ಮೆಂಟಿಗೆ ಕರ್ಕೊಂಡು ಹೋದ. ಪೇಂಟಿನ ವಾಸನೆ ಇನ್ನೂ ಹೋಗಿರ್ಲಿಲ್ಲ, ಲಿಫ್ಟಿನ ಒಳಗೆ ಸುತ್ತಲೂ ಪ್ಲೈವುಡ್ ಹೊಡೆದಿದ್ರು. ನಾಲ್ಕನೇ ಮಹಡಿ, ಬಾಲ್ಕನಿಯಿಂದ ನೋಡಿದ್ರೆ ಕಲ್ಲು ನೆಟ್ಟು ಬಣ್ಣ ಬಳಿದಿರೋ ಲೇಔಟುಗಳು, ಮಧ್ಯೆ ಗುಲಾಬಿ ಬೆಳೆಯೋ ಪಾಲಿಹೌಸುಗಳ ಬಿಳೀ ಪ್ಲಾಸ್ಟಿಕ್ಕು ಬಿಸಿಲಿಗೆ ಕಣ್ಣು ಕುಕ್ತಾ ಇತ್ತು. "ಮೆಟ್ರೋ ಬರುತ್ತೆ ಸಾರ್, ಬೊಮ್ಮಸಂದ್ರದ ತನಕ ಕಂಬ ಬಂದೇಬಿಟ್ಟಿದೆ, ಅಲ್ಲಿಂದ ಇಲ್ಲಿಗೆ ಎಷ್ಟು ಸಾರ್" ಅಂದ. ನಾನು, ನನ್ನ ಹೆಂಡತಿ ಇಬ್ರೂ ಕಿಚನ್ ಚೆನ್ನಾಗಿದೆ, ಗಾಳಿ ಚೆನ್ನಾಗಿದೆ ಅಂತ ಮಾತಾಡ್ಕೊತಾ ಇದ್ವಿ.

ಅವ್ವ ಬಾಲ್ಕನೀಲಿ ನಿಂತು ಕೆಳಗೆ ನೋಡ್ತಾ ಇದ್ಲು. "ಏನಪ್ಪ, ಇಲ್ಲಿ ಕೊತ್ಮಿರಿ ಸೊಪ್ಪು ಎಲ್ಲಿ ಸಿಕ್ತದೆ?" ಅಂದ್ಲು. ಆ ಹುಡುಗ ನಕ್ಕು, "ಆಪಲ್ಲಿ ಹಾಕಿದ್ರೆ ಹತ್ತು ನಿಮಿಷದಲ್ಲಿ ಬರುತ್ತೆ ಅಮ್ಮ" ಅಂದ. "ಔಸ್ದಿ ಅಂಗಡಿ?" ಮೇನ್ ರೋಡಿಗೆ ಹೋದ್ರೆ ಸಿಗುತ್ತೆ ಅಮ್ಮ, ಗಾಡೀಲಿ ಐದು ನಿಮಿಷ. "ಗಾಡಿ ನನ್ ಮಗ ತಕೊಂಡ್ ಹೋಗಿರ್ತಾನೆ ಕಣಪ್ಪ." ಹುಡುಗನ ಹತ್ರ ಅದಕ್ಕೆ ಉತ್ತರ ಇರ್ಲಿಲ್ಲ. ಅವಳು ಅಷ್ಟಕ್ಕೇ ಬಿಡದೆ ಇನ್ನೊಂದು ಕೇಳಿದ್ಲು, "ನಂಗೆ ಎದೆ ನೋವು ಬಂದ್ರೆ ಈ ಲಿಫ್ಟು ಕೆಟ್ಟೋಗಿದ್ರೆ ಏನ್ ಮಾಡಾದು?" ನನ್ನ ಹೆಂಡತಿ ನನ್ನ ಮುಖ ನೋಡಿದ್ಲು. ಆ ಮನೆ ಅಲ್ಲಿಗೆ ಕೈಬಿಟ್ಟಂಗಾಯ್ತು.

ಆಮೇಲೆ ಊರೆಲ್ಲ ಸುತ್ತಿದ್ವಿ. ಜೂಜುವಾಡಿ, ಮೂಕಂಡಪಲ್ಲಿ ಕಡೆ ನನ್ನಂಥ ಓಡಾಡೋರಿಗೆ ಸರಿ, ಗೇಟು ತೆಗೆದ್ರೆ ಗಡಿ, ಆದರೆ ಸಿಪ್ಕಾಟ್ ಅನ್ನೋ ಫ್ಯಾಕ್ಟರಿ ಏರಿಯಾ ಹತ್ರ, ಶಿಫ್ಟ್ ಬಿಟ್ಟಾಗ ರಸ್ತೆ ದಾಟೋದು ಮುದುಕರ ಕೈಲಿ ಆಗೋ ಮಾತಲ್ಲ. ತಳಿ ರಸ್ತೆ, ಮತ್ತಿಗಿರಿ ಕಡೆ ಗಿಡಮರ ಜಾಸ್ತಿ, ತಣ್ಣಗೆ, ರೈಲ್ವೆ ಸ್ಟೇಷನ್ನೂ ದೂರ ಇಲ್ಲ; ರೈಲು ಹೀಲಲಿಗೆ, ಕಾರ್ಮೆಲರಾಂ, ಬೆಳ್ಳಂದೂರು ರೋಡ್ ಮೇಲೆ ಬೈಯಪ್ಪನಹಳ್ಳಿಗೆ ಹೋಗೋದ್ರಿಂದ ಸರ್ಜಾಪುರ ರಸ್ತೆ, ಬೆಳ್ಳಂದೂರು ಕಡೆ ಕೆಲಸ ಇರೋರು ಈ ಭಾಗ ನೋಡಬೇಕು, ಎಲೆಕ್ಟ್ರಾನಿಕ್ ಸಿಟಿಯೋರಿಗೆ ಅಷ್ಟೇನೂ ಲಾಭ ಇಲ್ಲ. ರಾಯಕೋಟೆ ರಸ್ತೆ ಕಡೆ ಬಾಡಿಗೆ ಇನ್ನೂ ಕಮ್ಮಿ, ಆದರೆ ಬೆಂಗಳೂರಿಗೆ ಬೆನ್ನು ಹಾಕಿ ಕೂತಂಗೆ, ಬೆಳಗ್ಗೆ ಇಡೀ ಊರು ದಾಟಿ ಬರಬೇಕು. ಕೊನೆಗೆ ಹಿಡಿದಿದ್ದು ಹಳೇ ಊರೊಳಗೆ, ಬಸ್ ಸ್ಟಾಂಡಿಂದ ನಡ್ಕೊಂಡು ಹೋಗೋ ದೂರದಲ್ಲಿ ಒಂದು ಮನೆ. ಮೇಲೆ ನಾವು, ಕೆಳಗೆ ಓನರ್. ಅವರು ಫ್ಯಾಕ್ಟರಿಯಿಂದ ರಿಟೈರಾದೋರು, ಮನೆಮಾತು ತೆಲುಗು, ಹೊರಗೆ ತಮಿಳು, ನಮ್ಮ ಹತ್ರ ಕನ್ನಡ. ಪಾರ್ಕಿಂಗ್ ಇಲ್ಲ, ಬಾತ್‌ರೂಮ್ ಟೈಲ್ಸ್ ನಮ್ಮ ಮದುವೆಗಿಂತ ಹಳೇದು. ನನಗೆ ಬೆಳಗ್ಗೆ ಇಪ್ಪತ್ತು ನಿಮಿಷ ಜಾಸ್ತಿ ಆಗುತ್ತೆ. ಸೊಪ್ಪಿನವಳು ಮನೆ ಮುಂದೇನೇ ಕೂಗ್ಕೊಂಡು ಬರ್ತಾಳೆ.

ಕಾಗದ ಮಳವಳ್ಳೀಲಿ, ಜೀವ ಹೊಸೂರಲ್ಲಿ

ರಾಜ್ಯ ಬದಲಾಯಿಸೋದು ಅಂದ್ರೆ ಸಾಮಾನು ಹಾಕಿದ ಟೆಂಪೋ ಗಡಿ ದಾಟೋದಲ್ಲ ಅಂತ ಆಮೇಲೆ ನಿಧಾನಕ್ಕೆ ಗೊತ್ತಾಗುತ್ತೆ. ಮೊದಲು ಗಾಡಿ. ಬೇರೆ ರಾಜ್ಯದ ಗಾಡಿ ಹನ್ನೆರಡು ತಿಂಗಳಿಗಿಂತ ಜಾಸ್ತಿ ಇಟ್ಕೊಂಡ್ರೆ ನಂಬರ್ ಬದಲಾಯಿಸಬೇಕು ಅಂತ ಮೋಟಾರು ಕಾಯ್ದೆ ಹೇಳುತ್ತೆ, ಅದಕ್ಕೆ ಹಳೇ ಆರ್‌ಟಿಒದಿಂದ ಎನ್‌ಒಸಿ, ಇಲ್ಲಿ ಮತ್ತೆ ಟ್ಯಾಕ್ಸು, ಅಲ್ಲಿ ಕಟ್ಟಿದ್ದ ಲೈಫ್‌ಟೈಮ್ ಟ್ಯಾಕ್ಸಲ್ಲಿ ಉಳಿದಿದ್ದಕ್ಕೆ ಅರ್ಜಿ. ದಿನಾ ಗಡಿ ದಾಟೋ ನನ್ನ ಬೈಕು ಯಾವ ರಾಜ್ಯದಲ್ಲಿ 'ಇದೆ' ಅಂತ ನನಗೇ ಹೇಳಕ್ಕಾಗಲ್ಲ, ಹಗಲು ಕೆಎ, ರಾತ್ರಿ ಟಿಎನ್. ಹೊಸೂರಿನ ಯಾವುದೇ ಅಪಾರ್ಟ್‌ಮೆಂಟ್ ಸೆಲ್ಲಾರಿಗೆ ಹೋಗಿ ನೋಡಿ, ಕೆಎ 51ಗೂ ಟಿಎನ್ 70ಗೂ ಪೈಪೋಟಿ.

ಅದಕ್ಕಿಂತ ದೊಡ್ಡದು ರೇಷನ್ ಕಾರ್ಡು. ತಮಿಳುನಾಡಲ್ಲಿ ರೇಷನ್ ಬಡವರಿಗೆ ಮಾತ್ರ ಅಂತಿಲ್ಲ, ನಮ್ಮಂಥೋರೂ ಕಾರ್ಡ್ ಮಾಡಿಸ್ಬೋದು, ಆದರೆ ಹಳೇ ರಾಜ್ಯದ ಕಾರ್ಡಿಂದ ಹೆಸರು ತೆಗೆಸಿದ್ದಕ್ಕೆ ಸರ್ಟಿಫಿಕೇಟ್ ಬೇಕು. ನಾನು, ಹೆಂಡತಿ, ಮಗಳು ತೆಗೆಸಿ ಆಯ್ತು. ಅವ್ವನದು ಊರಲ್ಲಿ ಬೇರೆ ಕಾರ್ಡು. ಅವಳ ಮುಂದೆ ಫಾರಂ ಇಟ್ಟೆ, ಸೈನ್ ಹಾಕವ್ವ ಅಂತ. ಕನ್ನಡಕ ಹಾಕ್ಕೊಂಡು ಪೂರ್ತಿ ಓದಿದ್ಲು. "ನಾನು ಹಾಕಕ್ಕಿಲ್ಲ" ಅಂದ್ಲು. ಯಾಕೆ ಅಂದ್ರೆ, "ಗೃಹಲಕ್ಷ್ಮಿ ಎಲ್ಡು ಸಾವ್ರ ನೀನ್ ಕೊಟ್ಟೀಯಾ?" ಕೊಡ್ತೀನಿ ಅಂದೆ. "ನೀನ್ ಕೊಟ್ರೆ ಅದು ನಿನ್ ದುಡ್ಡಾಯ್ತದೆ." ಆಮೇಲೆ ಇನ್ನೊಂದು ಸೇರಿಸಿದ್ಲು, ಆರೋಗ್ಯ ಕಾರ್ಡು ಕೂಡ ಇದರ ಮೇಲೇ ಇರೋದು, ಬೆಂಗಳೂರು ಆಸ್ಪತ್ರೇಲಿ ಇದನ್ನೇ ಕೇಳೋದು ಅಂತ. ಅದು ನಿಜ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕಕ್ಕೆ ಕರ್ನಾಟಕದ ರೇಷನ್ ಕಾರ್ಡೇ ಆಧಾರ, ಮತ್ತೆ ಹೊಸೂರಿನೋರಿಗೆ ಕಾಯಿಲೆ ಸ್ವಲ್ಪ ಜೋರಾದ್ರೆ ಆಂಬುಲೆನ್ಸ್ ಹೋಗೋದು ಹೆಚ್ಚಾಗಿ ಬೆಂಗಳೂರಿನ ಕಡೆಗೇ. ನನ್ನ ಶೀಟಲ್ಲಿ ಇಷ್ಟು ಉದ್ದದ ಯೋಚನೆ ಇರ್ಲಿಲ್ಲ. ಶಕ್ತಿ ಬಸ್ಸಿಗೂ ಕರ್ನಾಟಕದ ವಿಳಾಸ ಬೇಕು, ಹಾಗಾಗಿ ಅವಳ ಆಧಾರ್ ಕೂಡ ಮಳವಳ್ಳಿ ತಾಲ್ಲೂಕಲ್ಲೇ ಉಳೀತು. ಮನೆಯೊಳಗೇ ಎರಡು ರಾಜ್ಯ ಆಯ್ತು ನೋಡಿ, ಮೂರು ಜನ ತಮಿಳುನಾಡು, ಒಬ್ಬಳು ಕರ್ನಾಟಕ. ಗ್ಯಾಸ್ ಬುಕ್ ಮಾಡೋದು ನಾವು, ಊರಿನ ಕಾರ್ಡಿಗೆ ಅಕ್ಕಿ ತರೋದು ನಮ್ಮ ಚಿಕ್ಕಪ್ಪ.

ಜಾತಿ ಸರ್ಟಿಫಿಕೇಟ್ ವಿಷಯ ಇನ್ನೂ ಸೂಕ್ಷ್ಮ, ಅದನ್ನ ಮೀಸಲಾತಿ ಇರೋ ಮನೆಯವ್ರು ಬಾಡಿಗೆಗಿಂತ ಮೊದಲೇ ಯೋಚನೆ ಮಾಡಬೇಕು. ಪ್ರತಿ ರಾಜ್ಯಕ್ಕೂ ಪಟ್ಟಿ ಬೇರೆ, ಅಲ್ಲಿಂದ ವಲಸೆ ಬಂದೋರಿಗೆ ಇಲ್ಲಿನ ರಾಜ್ಯ ಸರ್ಕಾರದ ಮೀಸಲಾತಿ ತಾನಾಗೇ ಸಿಗಲ್ಲ.

ಬಾಗಲೂರು ಬಸ್ಸು

ಅವ್ವ ಏಳನೇ ಕ್ಲಾಸ್ ಓದಿದೋಳು. ಪೇಪರ್ ಬಂದ್ರೆ ಶ್ರದ್ಧಾಂಜಲಿ ಜಾಹೀರಾತಿನವರೆಗೂ ಬಿಡಲ್ಲ, ಬೇಗೂರು ರಸ್ತೇಲಿ ಇದ್ದಾಗ ಒಬ್ಬಳೇ ಮೂರು ಬಸ್ ಬದಲಾಯಿಸಿ ಬನಶಂಕರಿ ದೇವಸ್ಥಾನಕ್ಕೆ ಹೋಗಿ ಬರೋಳು. ಹೊಸೂರಲ್ಲಿ ಮೊದಲ ವಾರ ಎಲ್ಲ ಖುಷಿಯಾಗೇ ಇತ್ತು. ಇಲ್ಲಿ ಹೆಂಗಸರಿಗೆ ಟೌನ್ ಬಸ್ ಫ್ರೀ, ಆಧಾರ್ ಗೀಧಾರ್ ಏನೂ ಕೇಳಲ್ಲ, ಹತ್ತಿ ಕೂತ್ರೆ ಆಯ್ತು, ಕಂಡಕ್ಟರ್ ಸೊನ್ನೆ ಟಿಕೆಟ್ ಕೊಡ್ತಾನೆ. ಅದು ಅವಳಿಗೆ ಬಹಳ ಹಿಡಿಸ್ತು. ಮತ್ತಿಗಿರೀಲಿ ನಮ್ಮ ಕಡೆಯೋರೊಬ್ರು ಇದ್ರು, ನೋಡ್ಕೊಂಡು ಬರ್ತೀನಿ ಅಂತ ಹೊರಟ್ಲು.

ನನಗೆ ಫೋನ್ ಬಂದಾಗ ನಾನು ಮೀಟಿಂಗಲ್ಲಿದ್ದೆ. "ಏನ್ಲಾ, ಈ ಊರಲ್ಲಿ ಎಲ್ಲಾ ಬಸ್ಸೂ ಒಂದೇ ಥರ ಅವೆ" ಅಂದ್ಲು. ಎಲ್ಲಿದೀಯ ಅಂದೆ. ಗೊತ್ತಿಲ್ಲ, ಒಂದು ಹೂವಿನ ಅಂಗಡಿ ಇದೆ, ಒಂದು ದೊಡ್ಡ ಮರ ಇದೆ, ಬೋರ್ಡ್ ಇದೆ ಅಂದ್ಲು. ಬೋರ್ಡಲ್ಲಿ ಏನು ಬರೆದಿದೆ ಅವ್ವ? ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅದು ಓದಕ್ ಬಂದಿದ್ರೆ ನಿಂಗ್ಯಾಕ್ ಫೋನ್ ಮಾಡ್ತಿದ್ದೆ" ಅಂದ್ಲು. ಆ ದನಿ ನಾನು ಅದಕ್ಕೆ ಮೊದಲು ಕೇಳಿರ್ಲಿಲ್ಲ, ಸಿಟ್ಟೂ ಅಲ್ಲ, ಹೆದರಿಕೇನೂ ಅಲ್ಲ, ಇಷ್ಟು ವಯಸ್ಸಾದ ಮೇಲೆ ಓದು ಬರಹ ಇಲ್ಲದೋಳು ಅನ್ನಿಸ್ಕೊಂಡ ಅವಮಾನ. ಹೂವಿನ ಅಂಗಡಿಯೋಳ ಕೈಗೆ ಫೋನ್ ಕೊಡ್ಸಿದೆ. ಆಕೆ ಚೆನ್ನಾಗೇ ಕನ್ನಡ ಮಾತಾಡಿದ್ರು, "ಬಾಗಲೂರು ಅಣ್ಣ ಇದು, ಮತ್ತಿಗಿರಿ ಆ ಕಡೆ, ಉಲ್ಟಾ ಬಂದ್ಬಿಟ್ಟವ್ರೆ, ನಾನ್ ಹತ್ತಿಸ್ತೀನಿ ಬಿಡಿ" ಅಂದ್ರು. ಹತ್ತಿಸಿದ್ರು ಕೂಡ, ಒಂದು ಮೊಳ ಹೂವನ್ನೂ ಮುಡಿಸಿ ಕಳಿಸಿದ್ರು.

ಹೊಸೂರಲ್ಲಿ ಮಾತಿಗೆ ತೊಂದರೆ ಇಲ್ಲ ಅಂತ ಎಲ್ಲರೂ ಹೇಳ್ತಾರೆ, ಅದು ಸರಿನೇ. ಕನ್ನಡ ನಡೆಯುತ್ತೆ, ತೆಲುಗಂತೂ ಧಾರಾಳ. ಆದರೆ ಮಾತು ಬೇರೆ, ಕಾಗದ ಬೇರೆ. ಕರೆಂಟ್ ಬಿಲ್ಲಿನ ಮೆಸೇಜು, ನೀರು ಬಿಡಲ್ಲ ಅಂತ ಹಚ್ಚಿರೋ ನೋಟಿಸು, ಸರ್ಕಾರಿ ಆಸ್ಪತ್ರೆಯ ಯಾವ ರೂಮು ಯಾವುದಕ್ಕೆ ಅನ್ನೋದು, ರೇಷನ್ ಅಂಗಡಿ ಇವತ್ತು ರಜಾ ಅಂತ ಸೀಮೆಸುಣ್ಣದಲ್ಲಿ ಬರೆದಿರೋದು, ಇವೆಲ್ಲ ಹಗಲು ಹೊತ್ತು ಮನೇಲಿರೋರ ಪಾಲಿಗೆ ಬರೋದು. ನನಗೇನು, ಹೈವೇ ಬೋರ್ಡಲ್ಲಿ ಇಂಗ್ಲಿಷ್ ಇರುತ್ತೆ, ಆಫೀಸ್ ಬೆಂಗಳೂರಲ್ಲಿ. ಬಾಡಿಗೇಲಿ ಉಳಿದಿದ್ದು ನನ್ನ ಅಕೌಂಟಲ್ಲಿ ಕಾಣುತ್ತೆ, ಅದಕ್ಕೆ ಕೊಟ್ಟಿದ್ದು ಅವ್ವನ ದಿನಚರೀಲಿ ಹೋಗುತ್ತೆ, ಅದು ಯಾವ ಸ್ಟೇಟ್‌ಮೆಂಟಲ್ಲೂ ಬರಲ್ಲ. ಕೆಳಗಿನ ಮನೆಯೋರ ಜೊತೆ ಕೂತು ಕೂತು ಅವ್ವ ಈಗ ತೆಲುಗು ಕಲ್ತಿದಾಳೆ. ತಮಿಳು ಬೇಡವಂತೆ. ಕಾರಣ ಕೇಳಿದ್ರೆ ಹೇಳಲ್ಲ.

ಎರಡೂ ಕಡೆ ಅದೇ ನೀರು

ಕಾರಣ ನನಗೆ ಗೊತ್ತು ಅಂದ್ಕೊಂಡಿದೀನಿ. ಮಳವಳ್ಳಿಯೋಳಲ್ವಾ. ಬೆಂಗಳೂರಿಗೆ ಕಾವೇರಿ ಪಂಪ್ ಮಾಡೋ ತೊರೆಕಾಡನಹಳ್ಳಿ ಇರೋದೇ ನಮ್ಮ ತಾಲ್ಲೂಕಲ್ಲಿ. ಬೇಗೂರು ರಸ್ತೇಲಿ ನಲ್ಲಿ ತಿರುಗಿಸಿದಾಗೆಲ್ಲ "ನಮ್ಮೂರ್ ನೀರು" ಅನ್ನೋಳು. ಹೊಸೂರಿಗೆ ಬಂದ ಮೇಲೆ ಇಲ್ಲಿನ ನಲ್ಲೀಲಿ ಬರೋದು ಯಾವ ನೀರು ಅಂತ ಓನರನ್ನ ಕೇಳಿದ್ಲು. ಹೊಗೇನಕಲ್ ನೀರಮ್ಮ ಅಂದ್ರು. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಲ್ಲಿ ಅಂತರ್ಜಲದಲ್ಲಿ ಫ್ಲೋರೈಡ್ ಜಾಸ್ತಿ, ಅದಕ್ಕೆ ಜಪಾನ್ ಸಾಲದಲ್ಲಿ ಮಾಡಿದ ಯೋಜನೆ ಅದು, 2013ರಲ್ಲಿ ಶುರುವಾಯ್ತು. 2008ರಲ್ಲಿ ಅದೇ ಯೋಜನೆ ಬೇಡ ಅಂತ ಬೆಂಗಳೂರಲ್ಲಿ ಏನೆಲ್ಲ ಗಲಾಟೆ ಆಗಿತ್ತು ನೆನಪಿರಬೇಕು ನಿಮಗೆ. ನಾನೂ ಆಗ ಕಾಲೇಜ್ ಹುಡುಗ, ಜೋರಾಗೇ ಮಾತಾಡ್ತಿದ್ದೆ. ಈಗ ಅದೇ ನೀರಲ್ಲಿ ಬೇಳೆ ಬೇಯುತ್ತೆ, ಬೋರ್‌ವೆಲ್ ನೀರಲ್ಲಾದ್ರೆ ಬೇಯಲ್ಲ.

2023ರ ಸೆಪ್ಟೆಂಬರಲ್ಲಿ ಮಳೆ ಕೈಕೊಟ್ಟು, ತಮಿಳುನಾಡಿಗೆ ದಿನಕ್ಕೆ 5 ಸಾವಿರ ಕ್ಯೂಸೆಕ್ ಬಿಡಿ ಅಂತ ಆದೇಶ ಬಂದು, 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್. ತಮಿಳುನಾಡಿನ ಬಸ್ಸುಗಳು ಜೂಜುವಾಡಿಗೇ ನಿಂತು ವಾಪಸ್ ತಿರುಗಿದ್ವು. 2016ರಲ್ಲಿ ಜನ ಲಗೇಜ್ ಹೊತ್ಕೊಂಡು, ಮಕ್ಕಳನ್ನ ಎತ್ಕೊಂಡು ಗಡೀಲಿ ನಡೀತಿದ್ದ ಫೋಟೋಗಳನ್ನ ಪೇಪರಲ್ಲಿ ನೋಡಿದ್ದೆ. ಈ ಸಲ ಬ್ಯಾಗ್ ಹಾಕ್ಕೊಂಡು ಆ ಸಾಲಲ್ಲಿ ನಾನೇ ನಡೀತಿದ್ದೆ, ಅಷ್ಟು ಭಯಂಕರ ಏನೂ ಇರ್ಲಿಲ್ಲ, ಬಿಸಿಲು, ಪೊಲೀಸ್ ಬ್ಯಾರಿಕೇಡು, ಕಬ್ಬಿನ ಹಾಲು ಮಾರೋನಿಗೆ ಭರ್ಜರಿ ವ್ಯಾಪಾರ. ಬಾಡಿಗೆ ಕೇಳೋರು ಇದನ್ನೂ ಲೆಕ್ಕಕ್ಕೆ ಇಟ್ಕೊಬೇಕು, ಮಳೆ ಕಮ್ಮಿಯಾದ ವರ್ಷ ಈ ದಾರಿ ಒಂದೆರಡು ದಿನ ಮುಚ್ಚುತ್ತೆ ಅಂತ.

ಸಂಜೆ ಮನೆಗೆ ಬಂದ್ರೆ ಮೆಟ್ಟಿಲ ಮೇಲೆ ಅವ್ವನಿಗೂ ಓನರ್‌ಗೂ ಜಗಳ ನಡೀತಾ ಇದೆ. ಅವರು ತಂಜಾವೂರಿನ ಕುರುವೈ ಭತ್ತದ ಬೆಳೆ ಅಂತಾರೆ, ಇವಳು ಮಂಡ್ಯದ ಕಬ್ಬು ಭತ್ತ ಅಂತಾಳೆ, ಅವರು ಕೋರ್ಟ್ ಆರ್ಡರ್ ಅಂತಾರೆ, ಇವಳು ಕನ್ನಂಬಾಡೀಲಿ ನೀರೆಲ್ಲೈತೆ ಬನ್ನಿ ತೋರಿಸ್ತೀನಿ ಅಂತಾಳೆ. ನನಗೆ ಎದೆ ಡವಡವ, ಅಗ್ರಿಮೆಂಟ್ ಇನ್ನೂ ಐದು ತಿಂಗಳಿದೆ. ಅಷ್ಟರಲ್ಲಿ ಓನರ್ ಹೆಂಡತಿ ಕಾಫಿ ತಂದು, ನಿಮ್ಮಿಬ್ರ ನೀರನ್ನೂ ಆ ಬೆಂಗಳೂರಿನೋರೇ ಕುಡೀತಿರೋದು, ಮೊದಲು ಅವರ ಕಾರ್ ತೊಳೆಯೋದು ನಿಲ್ಲಿಸ್ಲಿ ಅಂದ್ರು. ಆಮೇಲೆ ಮೂರೂ ಜನ ಸೇರಿ ಬೆಂಗಳೂರನ್ನ ಬೈಯಕ್ಕೆ ಶುರು ಮಾಡಿದ್ರು. ಆಗ ಬೆಂಗಳೂರಿನೋನು ಅಂತ ನನ್ನ ಮುಖ ನೋಡಿದ್ರು, ನೋಡಿ, ಅದು ಒಂಥರಾ ಅನ್ನಿಸ್ತು.

ಮಗಳ ಸ್ಕೂಲು

ಮಗಳು ಬಂದಾಗ ಮೂರನೇ ಕ್ಲಾಸು, ಈಗ ಆರು. ತಮಿಳುನಾಡಲ್ಲಿ 2006ರ ಕಾಯ್ದೆಯಿಂದ ಒಂದೊಂದೇ ತರಗತಿಯಾಗಿ ತಮಿಳು ಕಡ್ಡಾಯ ಆಗ್ತಾ ಬಂತು. ನಮ್ಮಲ್ಲೂ 2015ರಲ್ಲಿ ಕನ್ನಡ ಕಲಿಕೆ ಕಾಯ್ದೆ ಬಂದಿದೆಯಲ್ಲ, ಹಾಗೇ. ಅಲ್ಲಿ ಬಂದ ತಮಿಳರ ಮಕ್ಕಳು ಕನ್ನಡ ಕಲೀಲಿ ಅನ್ನೋ ನಾನು ಇಲ್ಲಿ ಗೊಣಗೋ ಹಾಗಿಲ್ಲ. ಮಕ್ಕಳಿಗೆ ಇದೆಲ್ಲ ಕಷ್ಟನೇ ಅಲ್ಲ, ಒಂದು ವರ್ಷದೊಳಗೆ ಬಸ್ ಬೋರ್ಡ್, ಸಿನಿಮಾ ಪೋಸ್ಟರ್ ಎಲ್ಲ ಓದೋಳು, ಅವ್ವನ ಕೈ ಹಿಡ್ಕೊಂಡು ಬಸ್ ಹತ್ತಿಸೋಳು. ಕನ್ನಡ ಬರೆಯೋದು ಮಾತ್ರ ಮೂರನೇ ಕ್ಲಾಸಿಗೇ ನಿಂತಿದೆ. ಅವ್ವ ಕಾಪಿ ಬರೆಸ್ತೀನಿ ಅಂತ ಕೂರಿಸ್ಕೊತಾಳೆ, ಇವಳು ಕೂರಲ್ಲ. ತಳಿ ಕಡೆ, ಆಚೆ ತಾಳವಾಡಿ ಕಡೆ ಸರ್ಕಾರಿ ಕನ್ನಡ ಶಾಲೆಗಳಿದಾವೆ, ಅಲ್ಲಿಯ ಕನ್ನಡಿಗರು ವಲಸೆ ಬಂದೋರಲ್ಲ, ತಲೆತಲಾಂತರದಿಂದ ಅಲ್ಲೇ ಇರೋರು. ಇಂಗ್ಲಿಷ್ ಮೀಡಿಯಂ ಬಿಟ್ಟು ಅಲ್ಲಿಗೆ ಕಳಿಸೋ ಧೈರ್ಯ ನಮಗಿಲ್ಲ, ನೇರವಾಗಿ ಹೇಳಿಬಿಡ್ತೀನಿ.

ಆದರೆ ಇದರ ಬಾಲ ಮುಂದಕ್ಕಿದೆ, ಸಿಇಟಿ ತನಕ. ಕರ್ನಾಟಕದ ಸಿಇಟಿಯಲ್ಲಿ ಸರ್ಕಾರಿ ಸೀಟಿಗೆ ಮಾಮೂಲಿ ಲೆಕ್ಕದಲ್ಲಿ ಒಂದರಿಂದ ಪಿಯುಸಿ ಒಳಗೆ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು. ಹೊರಗಿದ್ರೂ ಅರ್ಹತೆ ಸಿಗೋ ಒಂದು ಕಲಂ ಇದೆ: ಕಾಸರಗೋಡು, ಹೊಸದುರ್ಗ, ಮಂಜೇಶ್ವರ, ಆ ಕಡೆ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲ್ಲೂಕುಗಳಲ್ಲಿ ಓದಿದ ಕನ್ನಡ, ತುಳು, ಕೊಡವ ಮನೆಮಾತಿನ ಮಕ್ಕಳಿಗೆ. ಆ ಪಟ್ಟೀಲಿ ಹೊಸೂರು ಇಲ್ಲ. ಇಲ್ಲಿಯೇ ಮುಂದುವರಿದ್ರೆ ತಮಿಳುನಾಡಲ್ಲಿ ಎಂಟರಿಂದ ಹನ್ನೆರಡು ಓದಿದೋರಿಗೆ ಇಂಜಿನಿಯರಿಂಗ್ ಕೌನ್ಸೆಲಿಂಗ್ ಬಾಗಿಲು ತೆರೆದಿರುತ್ತೆ, ಎಂಟ್ರೆನ್ಸ್ ಕೂಡ ಇಲ್ಲ, ಹನ್ನೆರಡನೇ ಕ್ಲಾಸಿನ ಮಾರ್ಕ್ಸ್ ಮೇಲೇ ಸೀಟು. ಅಂದ್ರೆ ಏಳನೇ ಕ್ಲಾಸ್ ಮುಗಿಯೋ ಹೊತ್ತಿಗೆ ಯಾವ ಕಡೆ ಅಂತ ನಿರ್ಧಾರ ಆಗಿದ್ರೆ ಒಳ್ಳೇದು. ಮಧ್ಯದಲ್ಲಿ ಆ ಕಡೆ ಈ ಕಡೆ ಜಿಗಿದ್ರೆ ಎರಡೂ ಕಡೆ ಪರದೇಶಿ ಆಗೋ ಭಯ. ನನಗೆ ಫೋನ್ ಮಾಡೋರ ಮಕ್ಕಳು ಹೆಚ್ಚಾಗಿ ಇನ್ನೂ ಎಲ್‌ಕೆಜಿ, ಅದಕ್ಕೇ ಯಾರಿಗೂ ಇದು ತಲೆಗೆ ಹೋಗಲ್ಲ.

ಸೈಟ್ ತಗೋಳೋಣ್ವಾ ಅನ್ನೋ ಮಾತು

2024ರ ಜೂನಲ್ಲಿ ಹೊಸೂರಿಗೆ 2 ಸಾವಿರ ಎಕರೆಯಲ್ಲಿ ಏರ್‌ಪೋರ್ಟ್ ಅಂತ ತಮಿಳುನಾಡು ಸರ್ಕಾರ ವಿಧಾನಸಭೇಲಿ ಹೇಳಿದ್ದೇ ಹೇಳಿದ್ದು, ಮಾರನೇ ದಿನದಿಂದ ಆ ಬ್ರೋಕರ್ ಹುಡುಗನ ಸ್ಟೇಟಸ್ ತುಂಬ ವಿಮಾನ. ದೇವನಹಳ್ಳಿಯೋರ ಒಪ್ಪಂದದ ಪ್ರಕಾರ 150 ಕಿಲೋಮೀಟರ್ ಒಳಗೆ 2033ರವರೆಗೆ ಇನ್ನೊಂದು ದೊಡ್ಡ ಏರ್‌ಪೋರ್ಟ್ ಮಾಡೋ ಹಾಗಿಲ್ಲ ಅನ್ನೋದನ್ನ ಅವನು ಸ್ಟೇಟಸ್‌ನಲ್ಲಿ ಹಾಕಲ್ಲ. ಮೆಟ್ರೋ ಕತೆನೂ ಹಾಗೇ. ಹಳದಿ ಲೈನು 2025ರ ಆಗಸ್ಟಲ್ಲಿ ಬೊಮ್ಮಸಂದ್ರದವರೆಗೆ ಶುರುವಾಗಿ ನನ್ನಂಥೋರಿಗೆ ನಿಜವಾಗ್ಲೂ ಅನುಕೂಲ ಆಯ್ತು, ಆದರೆ ಅಲ್ಲಿಂದ ಹೊಸೂರಿಗೆ ಎಳೀಬೇಕಂದ್ರೆ ನಮ್ಮದು ಮೂರನೇ ಹಳೀಲಿ 750 ವೋಲ್ಟ್ ಡಿಸಿ, ಚೆನ್ನೈನೋರದ್ದು ಮೇಲೆ ತಂತಿಯಲ್ಲಿ 25 ಸಾವಿರ ವೋಲ್ಟ್ ಎಸಿ, ಎರಡೂ ಒಂದೇ ರೈಲಿಗೆ ಕೂಡಲ್ಲ. ರೇಟ್ ಮಾತ್ರ ಯಾವ ಕರೆಂಟಿಗೂ ಕಾಯದೆ ಏರ್ತಾನೇ ಇದೆ. ಸೈಟ್ ತಗೊಂಡ್ರೆ ಇಲ್ಲಿ ಸ್ಟಾಂಪ್ ಡ್ಯೂಟಿ 7, ರಿಜಿಸ್ಟ್ರೇಷನ್ 2, ಒಟ್ಟು 9 ಪರ್ಸೆಂಟ್. ಕರ್ನಾಟಕದಲ್ಲಿ 2025ರ ಆಗಸ್ಟ್ ಕೊನೇಲಿ ರಿಜಿಸ್ಟ್ರೇಷನ್ ಫೀ 2 ಪರ್ಸೆಂಟಿಗೆ ಏರಿದ್ರೂ ಇದಕ್ಕಿಂತ ಕಮ್ಮಿನೇ. ಲೇಔಟಿಗೆ ಡಿಟಿಸಿಪಿ (ಇಲ್ಲಿನ ನಗರ ಯೋಜನೆ ಇಲಾಖೆ) ಅಪ್ರೂವಲ್ ಇದೆಯಾ, ಪಟ್ಟಾ (ಜಮೀನಿನ ದಾಖಲೆ) ಯಾರ ಹೆಸರಲ್ಲಿದೆ, ಇವನ್ನೆಲ್ಲ ತಮಿಳಲ್ಲಿ ಓದಿ ಹೇಳೋ ನಂಬಿಕಸ್ಥ ವಕೀಲ ಬೇರೆ ಬೇಕು. ನಾನಂತೂ ತಗೋಳಲ್ಲ.

ಹೆಂಡತಿ ಈಗ ಸಿಪ್ಕಾಟಲ್ಲಿ ಒಂದು ಕಂಪನೀಲಿ ಅಕೌಂಟ್ಸ್ ನೋಡ್ಕೊತಾಳೆ, ಮನೆಯಿಂದ ಸ್ಕೂಟರಲ್ಲಿ ಹದಿನೈದು ನಿಮಿಷ, ಸಂಬಳ ಕೋರಮಂಗಲಕ್ಕಿಂತ ಸ್ವಲ್ಪ ಜಾಸ್ತಿನೇ. ಬೆಂಗಳೂರಿಗೆ ವಾಪಸ್ ಹೋಗೋಣ್ವಾ ಅಂತ ನಾನು ಒಂದ್ಸಲ ಬಾಯಿ ಬಿಟ್ಟೆ, "ದಿನಾ ಓಡಾಡೋ ಸರದಿ ಆಗ ನಂದಾಗುತ್ತೆ, ನೀವೇ ಓಡಾಡಿ" ಅಂದ್ಲು. ಅಗ್ರಿಮೆಂಟ್ ಮುಗೀತಾ ಬಂದಿದೆ. ಓನರ್ ಈ ಸಲ ಸಾವಿರ ಜಾಸ್ತಿ ಕೇಳಿದಾರೆ, ಏರ್‌ಪೋರ್ಟ್ ಬರುತ್ತಲ್ಲ ಸಾರ್ ಅಂತ. ಆ ಮಾತುಕತೆ ನನ್ನ ಕೈಲಿಲ್ಲ, ಅವ್ವ ಕೆಳಗೆ ಕೂತು ಐನೂರಕ್ಕೆ ಇಳಿಸ್ತಾ ಇದಾಳೆ, ತೆಲುಗಲ್ಲಿ.